ಚೌಡಿ ಹೆಜ್ಜೆಯ ತಾರೀಖು

ಸಿಡಿ ಮತ್ತೆ ಅದೇ ಜಾಗದಲ್ಲಿ ನಿಂತಿತು.

ಪರದೆಯ ಮೇಲೆ ಮೂರು ಕೊಂಬಿನ ಪ್ರಾಣಿಯೊಂದು ಬಾಯಿ ಅರ್ಧ ತೆರೆದು ನಿಂತಿತ್ತು. ಅದರ ಹಿಂದೆ ಒಂದೇ ಹಸಿರು ಬಳಿದ ಕಾಡು, ಹೊಗೆಯುಗುಳುವ ಬೆಟ್ಟ. ಕೆಳಗೆ ನಾಲ್ಕು ಗುಂಡಿಗಳು. ಯಾವುದನ್ನು ಒತ್ತಿದರೂ ಒಂದೇ ಮಾತು.

"ತಪ್ಪು ಉತ್ತರ. ಇನ್ನೊಮ್ಮೆ ಯೋಚನೆ ಮಾಡು, ಪುಟ್ಟಾ."

ಇದು ಹನ್ನೊಂದನೆಯ ಸಲ. ಸುರೇಂದ್ರ ಮೌಸನ್ನು ದೂರ ತಳ್ಳಿ ಕುರ್ಚಿಗೆ ಒರಗಿದ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಎರಡು ಮೂರು ತೋಟದ ಆಫೀಸಿನವರು ಹಳೆಯ ಹಾಜರಿ ಪ್ರೋಗ್ರಾಮನ್ನು ಇನ್ನೂ ಬಿಡದ ಕಾರಣಕ್ಕೆ ಅವನೊಂದು ಮುದುಕ ಯಂತ್ರವನ್ನು ಉಳಿಸಿಕೊಂಡಿದ್ದ. ತಾಲ್ಲೂಕಿನಲ್ಲಿ ಈ ಸಿಡಿಯನ್ನು ನುಂಗಿಕೊಳ್ಳುವ ಯಂತ್ರ ಅದೊಂದೇ. ನುಂಗುತ್ತಿತ್ತು, ಅರಗಿಸಿಕೊಳ್ಳುತ್ತಿರಲಿಲ್ಲ.

ಪಕ್ಕದ ಸ್ಟೂಲಿನ ಮೇಲೆ ಧನ್ಯಾ ಕೂತಿದ್ದಳು. ಆ ದನಿ ಅವಳ ಅಪ್ಪನದು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬುದ್ಧಿ ತಿಳಿದ ಮೇಲೆ ಮೊದಲ ಬಾರಿ ಅದನ್ನು ಕೇಳಿದ್ದಳು. ಕೇಳಿದ ಕೂಡಲೇ ಅದು ಅವಳಿಗೆ ಹೇಳಿದ್ದು ನಿನ್ನ ಉತ್ತರ ತಪ್ಪು ಎಂದು.

ಅವಳಪ್ಪ ರೇಣುಕಪ್ರಸಾದ್ ಮೂಡಿಗೆರೆಯಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ತೊಂಬತ್ತೊಂಬತ್ತನೆಯ ಇಸವಿ ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ಅವರ ಸ್ಕೂಟರು ಹೇಮಾವತಿ ಸೇತುವೆಯ ಹತ್ತಿರ ಸಿಕ್ಕಿತು, ಅವರು ಸಿಗಲಿಲ್ಲ. ಹಿಂದಿನ ದಿನ ಹೆಂಡತಿ ತುಂಗಮ್ಮನಿಗೂ ಅವರಿಗೂ ಜಗಳವಾಗಿದ್ದನ್ನು ಅಕ್ಕಪಕ್ಕದವರು ಕೇಳಿದ್ದರು. ಊರಿಗೆ ಅಷ್ಟು ಸಾಕಾಯಿತು. ಹೆಂಡತಿಯ ಬಾಯಿಗೆ ಹೆದರಿ ಹೊಳೆಗೆ ಬಿದ್ದ ಮೇಷ್ಟ್ರು ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿತು. ಅದಕ್ಕೆ ತುಂಗಮ್ಮ ಒಂದು ಮಾತೂ ಎದುರಾಡಲಿಲ್ಲ.

ಕಳೆದ ತಿಂಗಳು ಅದೇ ತುಂಗಮ್ಮ, ಮಗಳಿಗೂ ಹೇಳದೆ, ಗಂಡ ಸತ್ತನೆಂದು ಘೋಷಿಸುವಂತೆ ಕೋರ್ಟಿಗೆ ಅರ್ಜಿ ಹಾಕಿದ್ದರು. ಸೋಮವಾರ ಅದರ ವಿಚಾರಣೆ. ಆ ಹೊಳೆಯ ಕತೆ ಕಾಗದಕ್ಕೆ ಏರಿ ಮೊಹರು ಬೀಳುವ ಮೊದಲು ನಿಜ ತಿಳಿಯಬೇಕು, ಅಮ್ಮನ ಮೇಲಿನ ಮಾತು ಅಳಿಸಬೇಕು ಎಂದು ಧನ್ಯಾ ಚಿಕ್ಕಮಗಳೂರಿನ ನನ್ನ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಈಗ ಗುರುವಾರ. ನನ್ನ ಹನ್ನೆರಡು ದಿನ ಕರಗಿಹೋಗಿದ್ದವು.

ಆ ಹನ್ನೆರಡು ದಿನದಲ್ಲಿ ಗಳಿಸಿದ್ದು ಏನೂ ಇಲ್ಲ. ಅಂದಿನ ಪಂಚನಾಮೆಗೆ ಸಹಿ ಹಾಕಿದ ಇಬ್ಬರೂ ತೀರಿಕೊಂಡಿದ್ದರು. ಜಗಳ ಕೇಳಿದ ನೆರೆಯವರು ಜಗಳ ಯಾವುದಕ್ಕೆಂದು ಕೇಳಿಸಿಕೊಂಡಿರಲಿಲ್ಲ. ತುಂಗಮ್ಮ ನನ್ನ ಮುಂದೆ ಒಂದು ತಟ್ಟೆ ಚಕ್ಕುಲಿ ಇಟ್ಟು, ಒಂದೂವರೆ ಗಂಟೆ ಎದುರಿಗೆ ಕೂತು, ಮಳೆ ಈ ಸಲ ಬೇಗ ಬರಬಹುದು ಎಂದಷ್ಟೇ ಹೇಳಿ ಎದ್ದುಹೋಗಿದ್ದರು. ನಾನು ಮೌನಕ್ಕೆ ಹೆದರುವವಳಲ್ಲ. ಆದರೆ ಅದು ಮಾತಿಲ್ಲದವರ ಮೌನವಾಗಿರಲಿಲ್ಲ, ಮಾತನ್ನು ಒಳಗೆ ಚಿಲಕ ಹಾಕಿಟ್ಟವರದು. ಅದರ ಮುಂದೆ ಕೂತು ಬಂದ ಮೇಲೆ ಎರಡು ದಿನ ನನಗೆ ಯಾವ ಕೆಲಸವೂ ಹಿಡಿಸಿರಲಿಲ್ಲ.

ಉಳಿದಿದ್ದು ಈ ಸಿಡಿ. 'ದೈತ್ಯ ಹಲ್ಲಿಗಳ ಲೋಕ: ಇನ್ನು ನಿಮ್ಮ ಮನೆಯ ಕಂಪ್ಯೂಟರಿನಲ್ಲೇ'. ಧನ್ಯಾಳಿಗೆ ಅದು ಅಮ್ಮನ ಬೀರುವಿನಲ್ಲಿ, ಸೀರೆಗಳ ಕೆಳಗೆ ಸಿಕ್ಕಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಚಿತ್ರ, ಮಾತು, ರಸಪ್ರಶ್ನೆ ಎಲ್ಲವೂ ಇರುವ, ಕನ್ನಡ ಶಾಲೆಯ ಮಕ್ಕಳಿಗಾಗಿ ಮಾಡಿದ ಸಿಡಿ. ಬರೆದು ಓದಿದವರು ರೇಣುಕಪ್ರಸಾದ್. ತಯಾರಿಸಿದವರು ಅವರ ಗೆಳೆಯ ಜಯಪ್ರಕಾಶ್. ಆಗ ಅವರು ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ಇಟ್ಟಿದ್ದರು, ಈಗ ಸ್ವಂತ ಶಾಲೆಯ ಯಜಮಾನರು. ಹೊರಬಂದದ್ದು ಎರಡು ಸಾವಿರದ ಏಪ್ರಿಲ್. ಮೊದಲ ಪುಟದಲ್ಲೇ ದೀಪದ ಚಿತ್ರ, ಅದರ ಕೆಳಗೆ 'ನಮ್ಮನ್ನಗಲಿದ ಮೇಷ್ಟ್ರ ನೆನಪಿಗೆ' ಎಂಬ ಸಾಲು.

ಧ್ವನಿಮುದ್ರಣ ಜುಲೈಯಲ್ಲೇ ಮುಗಿದಿತ್ತು, ತಮ್ಮ ಸೆಂಟರಿನ ಮಹಡಿಯಲ್ಲಿ ಮಾಡಿದ್ದು ಎಂದು ಜಯಪ್ರಕಾಶ್ ಮೊದಲ ಭೇಟಿಯಲ್ಲೇ ಹೇಳಿದ್ದರು. ಅನುಮಾನಿಸಲು ನನ್ನ ಬಳಿ ಕಾರಣವಿರಲಿಲ್ಲ. ಕಾರಣವಿಲ್ಲದೆ ಅನುಮಾನಿಸಬೇಕಾಗಿ ಬಂದದ್ದಕ್ಕೇ ಕಿರಿಕಿರಿ.

"ಇದನ್ನ ಓಡಿಸೋದು ಬಿಡಿ ಮೇಡಂ," ಎಂದ ಸುರೇಂದ್ರ. "ಸೌಂಡೆಲ್ಲ ಬೇರೆ ಫೋಲ್ಡರಲ್ಲಿ ಬಿದ್ಕೊಂಡಿದೆ. ಅದನ್ನೇ ಎತ್ತಿ ಕೊಡ್ತೀನಿ."

ಇದನ್ನು ಬೆಳಿಗ್ಗೆಯೇ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಬೆಳಿಗ್ಗೆ ಅವನಿಗೆ ಆ ಮೂರು ಕೊಂಬಿನದನ್ನು ಸೋಲಿಸುವ ಹಟವಿತ್ತಂತೆ.

ನೂರ ಅರವತ್ತಮೂರು ತುಣುಕುಗಳು. ಎಲ್ಲದರ ಮೇಲೂ ಒಂದೇ ತಾರೀಖು, ಸಿಡಿ ಅಚ್ಚಾದ ದಿನದ್ದು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳತೊಡಗಿದೆ. ಮಕ್ಕಳೇ, ಇದು ಹುಲ್ಲು ತಿನ್ನುವುದಿಲ್ಲ, ಆಗಿನ್ನೂ ಹುಲ್ಲೇ ಇರಲಿಲ್ಲ. ಮಕ್ಕಳೇ, ನಿಮ್ಮ ಮನೆಯ ಕೋಳಿಯ ಕಾಲನ್ನು ಒಮ್ಮೆ ಸರಿಯಾಗಿ ನೋಡಿ. ಅವಸರವಿಲ್ಲದ, ಸ್ವಲ್ಪ ಮೂಗಿನಲ್ಲಿ ಬರುವ ದನಿ. ಹೊಳೆಗೆ ಬೀಳುವವನ ದನಿ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಹೀಗಿರಲಾರದು ಎನಿಸಿತು, ಆದರೆ ಅನಿಸಿಕೆಯನ್ನು ಕೋರ್ಟು ಕೇಳುವುದಿಲ್ಲ.

ಐವತ್ತು ತುಣುಕು ದಾಟಿದ ಮೇಲೆ ಮಾತು ಸಾಕಾಗಿ ಮಾತಿನ ಬಾಲಗಳನ್ನು ಕೇಳತೊಡಗಿದೆ. ಪ್ರತಿ ತುಣುಕಿನಲ್ಲೂ ಮಾತು ಮುಗಿದ ಮೇಲೆ ಎರಡು ಮೂರು ಸೆಕೆಂಡು ಹಾಗೆಯೇ ಉಳಿದಿತ್ತು. ತುದಿ ಕತ್ತರಿಸಲು ಅವರಿಗೆ ಬಂದಿರಲಿಲ್ಲ, ಅಥವಾ ಪುರುಸೊತ್ತಿರಲಿಲ್ಲ. ಆ ಜಾಗ ಖಾಲಿ ಇರಲಿಲ್ಲ. ದೂರದಲ್ಲಿ ಏನೋ ಗರಗರ ತಿರುಗುತ್ತಿತ್ತು. ಜೊತೆಗೆ ನೀರು ಸುರಿಯುವ ಸದ್ದು. ಒಮ್ಮೊಮ್ಮೆ ಆ ಗರಗರ ಏರಿ, ಒಣಗಿದ ಗಂಟಲಿನ ಕೂಗಿನಂತಾಗಿ ಇಳಿಯುತ್ತಿತ್ತು.

ಫ್ಯಾನ್ ಇರಬೇಕು ಎಂದ ಸುರೇಂದ್ರ. ಫ್ಯಾನಿಗೇಕೆ ನೀರು ಎಂದು ಕೇಳಿದೆ. ಹಾಗಾದರೆ ಮಳೆ ಇರಬೇಕು ಎಂದ. ಅವನ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಜುಲೈ ತಿಂಗಳು ಮೂಡಿಗೆರೆಯಲ್ಲಿ ಮಳೆಯಿಲ್ಲದ ಸದ್ದು ಎಲ್ಲಿಂದ ಬರಬೇಕು?

ತೊಂಬತ್ತೆಂಟನೆಯ ತುಣುಕಿನಲ್ಲಿ ಧನ್ಯಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಹೆಡ್‌ಫೋನಿನ ಒಂದು ಕಿವಿ ಅವಳ ಬಳಿಯಿತ್ತು. ಅದನ್ನೇ ಮತ್ತೆ ಹಾಕಿಸಿದಳು.

'ಡಿಪ್ಲೊಡೊಕಸ್ ಎಷ್ಟು ಉದ್ದ ಗೊತ್ತೇ ಮಕ್ಕಳೇ? ಮೂತಿಯಿಂದ ಬಾಲದ ತುದಿಯವರೆಗೆ ನೇರಳೆಕಟ್ಟೆ ತೋಟದ ಹೊಸ ಸಿಮೆಂಟು ಕಣಕ್ಕಿಂತ ಒಂದು ಮಾರು ಜಾಸ್ತಿ.'

"ಯಾವ ಊರಿನ ಮಕ್ಕಳಿಗೆ ಆ ಕಣ ಗೊತ್ತಿರತ್ತೆ?" ಎಂದಳು ಧನ್ಯಾ. "ಎದುರಿಗೆ ಕಾಣ್ತಿದ್ದದ್ದನ್ನ ಹೇಳಿಬಿಟ್ಟಿದಾರೆ."

ನೇರಳೆಕಟ್ಟೆ ಯಾರ ತೋಟವೆಂದು ಸುರೇಂದ್ರನಿಗೆ ಗೊತ್ತಿತ್ತು. ಹಾಜರಿ ಪ್ರೋಗ್ರಾಮು ಬಿಡದವರಲ್ಲಿ ಅವರೂ ಒಬ್ಬರು. ಅದು ಜಯಪ್ರಕಾಶರ ಮಾವನ ತೋಟ.

*

ಶುಕ್ರವಾರ ಬೆಳಿಗ್ಗೆ ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆ ಹಿಡಿದೆವು. ಕಾರು ಧನ್ಯಾಳದು. ಆಲ್ದೂರಿನಲ್ಲಿ ಅವಳು ಪಶುವೈದ್ಯೆ. ಹಿಂದಿನ ಸೀಟಿನ ತುಂಬ ಔಷಧಿಯ ವಾಸನೆ.

ಕಣದ ತುಂಬ ರೋಬಸ್ಟಾ ಹಣ್ಣು ಒಣಗುತ್ತಿತ್ತು, ಕೆಂಪು ಕಪ್ಪಾಗುವ ಹಂತದಲ್ಲಿ. ನಾಲ್ವರು ಹೆಂಗಸರು ಮರದ ಹಲುಬೆ ಎಳೆದು ಹಣ್ಣು ತಿರುಗಿಸುತ್ತಿದ್ದರು. ತೋಟದ ರೈಟರ್ ಗುರುವಯ್ಯ ಎಪ್ಪತ್ತು ದಾಟಿದವರು. ಲೆಕ್ಕ, ಹಾಜರಿ, ಪತ್ರ ಎಲ್ಲ ನೋಡಿಕೊಳ್ಳುವ ರೈಟರಿಕೆ ಅವರಿಗೆ ನಲವತ್ತು ವರ್ಷದಿಂದ ಇದೇ ತೋಟದಲ್ಲಿ. ಯಾವ ವಿಷಯಕ್ಕೆ ಬಂದಿರಿ ಎಂದು ಕೇಳುತ್ತಲೇ ಧನ್ಯಾಳ ಮುಖ ನೋಡಿದರು. ಆಮೇಲೆ ಆ ಕಡೆ ನೋಡಲೇ ಇಲ್ಲ.

ಕಣ ಯಾವಾಗ ಹಾಕಿಸಿದ್ದು ಎಂದು ಕೇಳಿದೆ. ನೆನಪಿಲ್ಲ ಎಂದರು. ಇಪ್ಪತ್ತು ವರ್ಷದ ಹಿಂದೋ? ಇರಬಹುದು. ಮೂವತ್ತೋ? ಅದೂ ಇರಬಹುದು. ಸಾವಿರ ಎಕರೆಯ ಹಣ್ಣಿನ ತೂಕ ಬಾಯಲ್ಲಿಟ್ಟುಕೊಂಡ ಮನುಷ್ಯನಿಗೆ ತಾನು ಹಾಕಿಸಿದ ಕಣದ ವರ್ಷ ನೆನಪಿಲ್ಲ. ನನಗೆ ಕೂಗಬೇಕೆನಿಸಿತು. ಕೂಗದೆ ಕಣದ ಕಡೆ ತಿರುಗಿ ನಿಂತೆ.

ಆಗ ಕಂಡದ್ದು ಆ ಖಾಲಿ ಜಾಗ. ಅಷ್ಟಗಲ ಹರವಿದ ಹಣ್ಣಿನ ನಡುವೆ, ಎಡಮೂಲೆಗೆ ಹತ್ತಿರ, ಮೊರದಷ್ಟು ದೊಡ್ಡ ಒಂದು ಬರಿಯ ವೃತ್ತ. ಹಲುಬೆ ಅದರ ಹತ್ತಿರ ಬಂದಾಗಲೆಲ್ಲ ಹೆಂಗಸರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು, ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ, ನೋಡದೆ.

ಅವರಲ್ಲಿ ಹಿರಿಯಳಾದ ರಾಮಮ್ಮನನ್ನು ಕೇಳಿದೆ.

"ಅದು ನಮ್ಮ ತೋಟ ಕಾಯೋ ಚೌಡಿ ಹೆಜ್ಜೆ ಅಲ್ವೇನಮ್ಮ," ಎಂದಳು, ಇಷ್ಟೂ ತಿಳಿಯದೆ ಬಂದಿರಾ ಎನ್ನುವ ಧಾಟಿಯಲ್ಲಿ. "ಅದರ ಮೇಲೆ ಹಣ್ಣು ಹಾಕಲ್ಲ ನಾವು. ಕುಯ್ಲು ಶುರು ಮಾಡೋ ದಿನ ಒಂದು ಕೋಳಿ ಕೊಡ್ತೀವಿ."

ಹತ್ತಿರ ಹೋಗಿ ನೋಡಿದೆವು. ಎರಡು ದಾಸವಾಳ, ಒಣಗಿದ ಕುಂಕುಮ. ಅದರಡಿಯಲ್ಲಿ ಸಿಮೆಂಟಿನೊಳಗೆ ಇಳಿದ ಒಂದು ಹೆಜ್ಜೆ. ಮೂರು ಬೆರಳು, ಪ್ರತಿ ಬೆರಳಿನ ತುದಿಯಲ್ಲಿ ಉಗುರು, ಹಿಂದೆ ಚೂಪಾದ ಹಿಮ್ಮಡಿ. ಉದ್ದ ಸುಮಾರು ಒಂದು ಮೊಳ. ಧನ್ಯಾ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಅವಳಿಗೆ ಕಾಲು ನೋಡಿ ಪ್ರಾಣಿ ಹೇಳುವ ಕಸುಬು. ಸ್ವಲ್ಪ ಹೊತ್ತು ನೋಡಿ ನಕ್ಕಳು. ಇಷ್ಟು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಇದು ಅಪ್ಪನ ಡೈನೋಸಾರ್," ಎಂದಳು ನನಗೆ ಮಾತ್ರ ಕೇಳುವಂತೆ. "ಕೋಳಿಗಳೆಲ್ಲ ಇದರ ಮರಿಮಕ್ಕಳು ಅಂತ ಸಿಡಿಲಿ ಹೇಳಿದಾರೆ. ಇವರು ವರ್ಷವರ್ಷ ಅದರ ಮರಿಮಕ್ಕಳನ್ನೇ ಕೊಯ್ದು ಅದಕ್ಕೆ ಕೊಡ್ತಿದಾರೆ."

ಹೂವು ಸರಿಸಲೇ ಎಂದು ರಾಮಮ್ಮನನ್ನು ಕೇಳಿದೆ. ಅವಳು ಯೋಚಿಸಿ, ತಾನೇ ಕೈ ತೊಳೆದು ಬಂದು, ಕಣ್ಣಿಗೊತ್ತಿಕೊಂಡು ಸರಿಸಿದಳು. ಹಿಮ್ಮಡಿಯ ಕೆಳಗೆ, ಹಸಿ ಸಿಮೆಂಟಿನಲ್ಲಿ ಕಡ್ಡಿಯಿಂದ ಗೀರಿದ ಅಂಕಿಗಳು. ಇಪ್ಪತ್ತೊಂದು ಹನ್ನೊಂದು ತೊಂಬತ್ತೊಂಬತ್ತು.

ಧನ್ಯಾ ಬೆರಳಿಟ್ಟು ಅದನ್ನು ಎರಡು ಸಲ ಓದಿದಳು. ನವೆಂಬರ್ ಇಪ್ಪತ್ತೊಂದು. ಆಕೆಯ ಅಪ್ಪ ಹೊಳೆಗೆ ಬಿದ್ದು ಮೂರು ತಿಂಗಳು ಕಳೆದಿದ್ದವು.

ಫೋನಿಗೆ ಹಾಕಿಸಿಕೊಂಡಿದ್ದ ಆ ಗರಗರ ಸದ್ದನ್ನು ರಾಮಮ್ಮನಿಗೆ ಕೇಳಿಸಿದೆ. ಅವಳು ಫೋನನ್ನು ಕಿವಿಗೆ ಹಚ್ಚಿಕೊಂಡು, ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡಳು.

"ಫ್ಯಾನೂ ಅಲ್ಲ, ಮಳೆಯೂ ಅಲ್ಲ ಮಾರಾಯ್ತಿ. ನಮ್ಮ ಹಳೇ ಪಲ್ಪರು. ಹಣ್ಣು ಖಾಲಿ ಆದ್ರೆ ಹಿಂಗೇ ಬೊಬ್ಬೆ ಹೊಡೀತಿತ್ತು. ಅದು ಕೂಗಿದ್ರೆ ನಾವು ಬುಟ್ಟಿ ಹಿಡ್ಕೊಂಡು ಓಡ್ತಿದ್ವು."

ಪಲ್ಪರು ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅದು ತಿರುಗುವುದು ಅರೇಬಿಕಾ ಕುಯ್ಲಿನಲ್ಲಿ, ನವೆಂಬರಿನಿಂದ ಜನವರಿವರೆಗೆ. ಜುಲೈಯಲ್ಲಿ ಹಣ್ಣೇ ಇರುವುದಿಲ್ಲ. ಮಲೆನಾಡಿನ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ನೂರಾರು ಶಾಲೆಯ ಮಕ್ಕಳು ಆ ಸದ್ದನ್ನು ಕೇಳಿದ್ದರು. ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ನಾನು ಗುರುವಯ್ಯನವರ ಕಡೆ ತಿರುಗಿದೆ. ಅವರು ಟೋಪಿ ತೆಗೆದು, ಒಳಗಿನ ಬೆವರು ಒರೆಸಿ, ಮತ್ತೆ ಹಾಕಿಕೊಂಡರು.

"ಮೇಷ್ಟ್ರು ಒಳ್ಳೇವ್ರು," ಎಂದರು ಕೊನೆಗೆ. "ನಮ್ಮ ಕ್ವಾರ್ಟರ್ಸಿನ ಪಕ್ಕದ ರೂಮಲ್ಲಿ ಇದ್ರು. ಹಸಿ ಸಿಮೆಂಟ್ ನೋಡಿ ಅವ್ರಿಗೆ ತಡೀಲಿಲ್ಲ. ಇವರೆಲ್ಲ ಚೌಡಿ ಅಂದ್ಕೊಂಡಾಗ ನಾನು ಅಲ್ಲ ಅನ್ನಲಿಲ್ಲ. ಅಂದಿದ್ರೆ ಯಾರದ್ದು ಅಂತ ಹೇಳ್ಬೇಕಾಗ್ತಿತ್ತಲ್ಲ."

ಅವರನ್ನು ಇಲ್ಲಿಗೆ ಕರೆತಂದವರು ಯಾರು ಎಂದು ಧನ್ಯಾ ಕೇಳಿದಳು. ನಮ್ಮ ಯಜಮಾನರ ಅಳಿಯಂದಿರನ್ನೇ, ಜಯಪ್ರಕಾಶರನ್ನೇ ಕೇಳಿ ಎಂದರು. ಎಲ್ಲಿಗೆ ಹೋದರು ಎಂದದ್ದಕ್ಕೆ ಉತ್ತರ ಕೊಡದೆ ಹಾಜರಿ ಪುಸ್ತಕ ಎತ್ತಿಕೊಂಡು ಗೋಡೌನಿನ ಹಿಂದಕ್ಕೆ ನಡೆದರು. ಎಷ್ಟು ಕರೆದರೂ ತಿರುಗಲಿಲ್ಲ. ಈ ಬೆಟ್ಟಗಳಲ್ಲಿ ಪ್ರತಿಯೊಬ್ಬರ ಬಳಿಯೂ ಅರ್ಧ ವಾಕ್ಯವಿದೆ. ಪೂರ್ತಿ ವಾಕ್ಯ ಯಾರ ಬಳಿಯೂ ಇಲ್ಲ.

*

ಜಯಪ್ರಕಾಶರ ಶಾಲೆಯಲ್ಲಿ ಮಧ್ಯಾಹ್ನದ ಊಟದ ಬಿಡುವು. ಅವರು ನಮ್ಮನ್ನು ಕೂರಿಸಿದ್ದು ಕಂಪ್ಯೂಟರ್ ಕೊಠಡಿಯಲ್ಲಿ. ಬಾಗಿಲ ಮೇಲೆ 'ರೇಣುಕಪ್ರಸಾದ್ ಸ್ಮಾರಕ ಕಂಪ್ಯೂಟರ್ ಕೊಠಡಿ' ಎಂಬ ಹಿತ್ತಾಳೆಯ ಫಲಕ. ಒಳಗೆ ಮೇಷ್ಟ್ರ ದೊಡ್ಡ ಫೋಟೊ, ಅದಕ್ಕೆ ಗಂಧದ ಚಕ್ಕೆಯ ಹಾರ. ಧನ್ಯಾ ಅದಕ್ಕೆ ಬೆನ್ನು ಹಾಕಿ ಕೂತಳು.

ಜಯಪ್ರಕಾಶ್ ಎಂದಿನಂತೆ ಹಿತವಾಗಿಯೇ ಮಾತಾಡಿದರು. ಧನ್ಯಾಳ ಕೆಲಸ ವಿಚಾರಿಸಿದರು. ಸೋಮವಾರದ ವಿಚಾರಣೆಗೆ ತಾವೇ ಸಾಕ್ಷಿ ಹೇಳಲು ಬರುವುದಾಗಿಯೂ, ತುಂಗಕ್ಕ ತಮ್ಮನ್ನು ಕೇಳಿಕೊಂಡಿರುವುದಾಗಿಯೂ ಹೇಳಿದರು. ಇದು ನಮಗೆ ಹೊಸ ಸುದ್ದಿ.

ನಾನು ಫೋನಿನಲ್ಲಿ ಆ ಸದ್ದು ಹಾಕಿದೆ.

"ನಮ್ಮ ಸೆಂಟರಿನ ಫ್ಯಾನು," ಎಂದರು ಅವರು ತಕ್ಷಣ. "ಆಗಿನ ಕಾಲದ್ದು. ಬೇರಿಂಗ್ ಹೋಗಿತ್ತು."

ಉತ್ತರ ಇಷ್ಟು ಬೇಗ ಬಂದರೆ ಅದು ಎಂದೋ ಸಿದ್ಧವಾದದ್ದು. ನಾನು ಕಣದ ಫೋಟೊ ತೆರೆದು ಫೋನನ್ನು ಅವರತ್ತ ಸರಿಸಿದೆ. ಎರಡು ಬೆರಳಿನಿಂದ ಅವರು ಅದನ್ನು ಹಿಗ್ಗಿಸಿದರು. ಮೂರು ಬೆರಳಿನ ಹೆಜ್ಜೆ, ಅದರ ಕೆಳಗಿನ ಅಂಕಿಗಳು. ಬಹಳ ಹೊತ್ತು ನೋಡಿದರು. ಹೊರಗೆ ಮಕ್ಕಳು ಡಬ್ಬಿ ತೊಳೆಯುವ ಸದ್ದು, ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುವ ಸದ್ದು. ಈ ಕಸುಬಿನಲ್ಲಿ ನಾನು ಕಲಿತದ್ದು ಏನಾದರೂ ಇದ್ದರೆ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು.

ಅವರು ಎದ್ದು ಬಾಗಿಲು ಹಾಕಿ ಬಂದರು.

"ಅವತ್ತು ಬೆಳಿಗ್ಗೆ ನಮ್ಮನೆ ಬಾಗಿಲಿಗೆ ಅವನೇ ಬಂದ," ಎಂದರು. "ನೆನೆದು ತೊಪ್ಪೆಯಾಗಿದ್ದ. ಸ್ಕೂಟರು ಸೇತುವೆ ಹತ್ರ ಬಿಟ್ಟು ಬಂದಿದೀನಿ ಅಂದ. ನಾನು ಸ್ವಲ್ಪ ದಿನ ಸತ್ತಿರಬೇಕು ಮಾರಾಯ, ಅಂದ."

ಯಾಕೆ ಎಂದು ಕೇಳಿದೆ. ಅದನ್ನು ಅವನು ಕೊನೆಯವರೆಗೂ ಹೇಳಲಿಲ್ಲವಂತೆ. ಇವರು ಒತ್ತಾಯ ಮಾಡಲಿಲ್ಲವಂತೆ. ಮಾವನ ತೋಟದಲ್ಲಿ ಇರಿಸಿದ್ದು, ಕಂಪ್ಯೂಟರೂ ಮೈಕೂ ಅಲ್ಲಿಗೇ ಸಾಗಿಸಿದ್ದು, ಆಗಸ್ಟಿನಲ್ಲಿ ಕಾಲು ಭಾಗವೂ ಆಗಿರದ ಸಿಡಿಯನ್ನು ಆ ಐದು ತಿಂಗಳಲ್ಲಿ ಮುಗಿಸಿದ್ದು, ಎಲ್ಲವನ್ನೂ ಒಂದೊಂದಾಗಿ ಒಪ್ಪಿಕೊಂಡರು. ಸತ್ತವನ ದನಿ ಎಂದರೆ ಶಾಲೆಗಳು ಬೇಡವೆನ್ನುವುದಿಲ್ಲ ಎಂಬ ಲೆಕ್ಕ ತಮಗೂ ಇತ್ತು ಎನ್ನುವುದನ್ನೂ, ನಾನು ಕೇಳುವ ಮೊದಲೇ ಹೇಳಿದರು.

ಧನ್ಯಾ ಇಷ್ಟು ಹೊತ್ತು ನೆಲ ನೋಡುತ್ತಿದ್ದಳು.

"ಅಮ್ಮ ಹೊಳೆ ದಂಡೇಲಿ ಕೂತಿದ್ಲು ಅಂಕಲ್. ಮೂರು ದಿನ."

"ಗೊತ್ತು. ನಾನೇ ಊಟ ತಗೊಂಡು ಹೋಗಿದ್ದೆ."

ಒಂದು ಕೈಯಲ್ಲಿ ಗೆಳೆಯನನ್ನು ಬಚ್ಚಿಟ್ಟು ಇನ್ನೊಂದು ಕೈಯಲ್ಲಿ ಅವನ ಹೆಂಡತಿಗೆ ಬುತ್ತಿ ಹಿಡಿದ ಮನುಷ್ಯ ಇಪ್ಪತ್ತಾರು ವರ್ಷದಿಂದ ಚೆನ್ನಾಗಿ ನಿದ್ದೆ ಮಾಡಿದಂತೆಯೇ ಕಾಣುತ್ತಿದ್ದರು.

"ಊರು ಅವಳನ್ನ ಏನಂತು ಅನ್ನೋದೂ ಗೊತ್ತಾ?"

"ಗೊತ್ತು, ಪುಟ್ಟಿ."

"ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು. ಬದುಕಿದಾನೆ ಅಂತ ಒಂದೇ ಮಾತು."

ಜಯಪ್ರಕಾಶ್ ಅವಳನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ತಪ್ಪಿತಸ್ಥನ ಭಾವವಲ್ಲ, ಆಯಾಸ.

"ಆ ಮಾತನ್ನ ಅವಳೂ ಹೇಳ್ಬಹುದಿತ್ತು," ಎಂದರು.

"ಯಾರು?"

"ನಿಮ್ಮಮ್ಮ."

ಧನ್ಯಾ ನನ್ನ ಕಡೆ ತಿರುಗಿದಳು, ಇದನ್ನು ನಾನು ತಡೆಯಬಹುದು ಎನ್ನುವ ಹಾಗೆ. ನನಗೆ ತಡೆಯುವ ದಾರಿ ಗೊತ್ತಿರಲಿಲ್ಲ. ಒಂದು ಹೆಜ್ಜೆಯ ಕೆಳಗಿನ ತಾರೀಖನ್ನು ತೋರಿಸಿ ಈ ಬಾಗಿಲನ್ನು ತೆಗೆಸಿದವಳು ನಾನೇ.

ಜಯಪ್ರಕಾಶ್ ಹೇಳುತ್ತಾ ಹೋದರು. ಎರಡು ಸಾವಿರದ ಜನವರಿ ಇಪ್ಪತ್ತೆಂಟು, ಶುಕ್ರವಾರ. ಅವತ್ತು ಅವರು ತೋಟದಲ್ಲೇ ಇದ್ದರು. ಮಧ್ಯಾಹ್ನ ತುಂಗಮ್ಮ ಬಸ್ಸಿಳಿದು ಗೇಟಿನಿಂದ ನಡೆದುಕೊಂಡು ಬಂದರು, ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು. ಅವರಿಗೆ ಸುಳಿವು ಕೊಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಳಲಿಲ್ಲ, ಕೂಗಾಡಲಿಲ್ಲ. ಗಂಡನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಗಂಟೆಯ ಮೇಲೆ ರೇಣುಕಪ್ರಸಾದ್ ಹೊರಗೆ ಬಂದು ಜೀಪಿನ ಕೀಲಿ ಕೇಳಿದರು. ಎಲ್ಲಿಗೆ ಎಂದರೆ ಈಗ ಬಂದೆ ಎಂದರು.

"ನೀನು ಹಿಂದಿನ ಸೀಟಲ್ಲಿ ಮಲಗಿದ್ದೆ," ಎಂದರು ಧನ್ಯಾಳಿಗೆ. "ನಿಮ್ಮಪ್ಪನೇ ಓಡಿಸ್ತಿದ್ದ. ನಿಮ್ಮಮ್ಮ ಪಕ್ಕದಲ್ಲಿ. ಆಗ ಮೂರು ಗಂಟೆ ಹೊತ್ತು. ನಾನು ಗೇಟಿನವರೆಗೂ ಬಂದೆ. ಅವನನ್ನ ನಾನು ನೋಡಿದ್ದು ಅದೇ ಕೊನೆ."

ಆ ಸಂಜೆ ಆರು ಗಂಟೆಗೆ ಮೂಡಿಗೆರೆಯ ಮನೆಯಲ್ಲಿ ತುಂಗಮ್ಮ ದೀಪ ಹಚ್ಚಿದ್ದನ್ನು ನೆರೆಯವರು ಕಂಡಿದ್ದರು. ಮಗು ಜಗುಲಿಯ ಮೇಲೆ ಆಡುತ್ತಿತ್ತು. ಬೇರೆ ಯಾರೂ ಇರಲಿಲ್ಲ. ವಾರದ ಮೇಲೆ ಇವರು ಹೋದಾಗ ಆಕೆ ಕಾಫಿ ಕೊಟ್ಟರು, ಸಿಡಿ ಮುಗಿಯಿತೇ ಎಂದು ಕೇಳಿದರು. ಇನ್ನೇನನ್ನೂ ಕೇಳಲಿಲ್ಲ, ಹೇಳಲಿಲ್ಲ. ಇವರೂ ಕೇಳಲಿಲ್ಲ.

ಸುಳ್ಳು ಇರಬಹುದು. ತನ್ನ ಮೇಲೆ ಬಂದದ್ದನ್ನು ಸತ್ತವನ ಹೆಂಡತಿಯ ಮೇಲೆ ದಾಟಿಸುವುದು ಹಳೆಯ ಉಪಾಯ, ಅದೂ ಮಾತಾಡದ ಹೆಂಡತಿಯ ಮೇಲೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೆ ಬೀರುವಿನಲ್ಲಿಟ್ಟ ಸಿಡಿಯ ಹೊದಿಕೆಯನ್ನೂ ಬಿಚ್ಚದ ಹೆಂಗಸು ಅದರೊಳಗೆ ಏನಿದೆಯೆಂದು ತಿಳಿದವಳೂ ಆಗಿರಬಹುದಲ್ಲ ಎಂಬ ಯೋಚನೆ ಅಷ್ಟರಲ್ಲೇ ಬಂದು ಕೂತಿತ್ತು. ತಾಯಿಯ ಮೇಲಿನ ಮಾತು ಅಳಿಸಲು ಹೊರಟ ಹುಡುಗಿಗೆ ನಾನು ಇಷ್ಟು ದಿನದಲ್ಲಿ ದುಡಿದು ಕೊಟ್ಟದ್ದು ಇದು.

"ಜೀಪು?" ಎಂದು ಕೇಳಿದೆ. "ಜೀಪು ಎಲ್ಲಿ ಸಿಕ್ಕಿತು?"

"ಎಲ್ಲೂ ಸಿಗೋ ಪ್ರಶ್ನೆನೇ ಬರ್ಲಿಲ್ಲ ಮೇಡಂ. ಮರುದಿನ ಬೆಳಿಗ್ಗೆ ಹಾಜರಿ ಹೊತ್ತಿಗೆ ತೋಟದ ಶೆಡ್ಡಿನಲ್ಲೇ ನಿಂತಿತ್ತು. ತೊಳೆದು ನಿಲ್ಸಿದ್ರು. ಕೀಲಿ ಮೊಳೆಗೆ ನೇತಾಕಿತ್ತು."

ಬಿಡುವು ಮುಗಿದ ಗಂಟೆ ಬಾರಿಸಿತು. ಮಕ್ಕಳು ಓಡಿಬಂದು ಬಾಗಿಲು ಹಾಕಿರುವುದನ್ನು ಕಂಡು ಹೊರಗೇ ಸಾಲಾಗಿ ನಿಂತರು. ಪಿಸುಮಾತು ಕೇಳಿಸುತ್ತಿತ್ತು.

ಧನ್ಯಾ ನಿಧಾನವಾಗಿ ಎದ್ದು ನಿಂತಳು.

"ಅಮ್ಮನಿಗೆ ಗಾಡಿ ಓಡಿಸೋಕೆ ಬರಲ್ಲ," ಎಂದಳು. "ಹಾಗಾದ್ರೆ ಅದನ್ನ ತಂದು ನಿಲ್ಸಿದ್ದು ಯಾರು?"